ನೆನಪಿನ ತಂತಿ, ಬಿದಿರಿನ ಬೆನ್ನು

ಸ್ನಾಯು ತಂತಿ ಎಂಬುದು ನಿಕ್ಕಲ್ ಮತ್ತು ಟೈಟೇನಿಯಂ ಪರಮಾಣುಗಳು ಹೆಚ್ಚುಕಡಿಮೆ ಸಮಪಾಲಾಗಿ ಬೆರೆತ ಮಿಶ್ರಲೋಹದ ಸಣ್ಣ ಎಳೆ. ದಪ್ಪದಲ್ಲಿ ತಲೆಗೂದಲಿನ ಎರಡರಷ್ಟಿರುವ ಈ ಎಳೆಯಲ್ಲಿ ವಿದ್ಯುತ್ ಹರಿಸಿದರೆ ಬಿಸಿಯಾಗುತ್ತದೆ; ಬಿಸಿಯಾದೊಡನೆ ತನ್ನ ಉದ್ದದ ಶೇ 4ರಷ್ಟು ಕುಗ್ಗುತ್ತದೆ. ಕಬ್ಬಿಣ, ತಾಮ್ರ, ಹಿತ್ತಾಳೆಗಳೆಲ್ಲ ಬಿಸಿಗೆ ಹಿಗ್ಗುವ ಲೋಹಗಳು. ಇದು ಬಿಸಿಗೆ ಗಿಡ್ಡವಾಗಿ, ತಣಿದ ಮೇಲೆ ಎಳೆದರೆ ಮತ್ತೆ ಉದ್ದವಾಗುತ್ತದೆ. ಮೋಟರು, ಗಿಯರು, ಬೇರಿಂಗು ಯಾವುದೂ ಇಲ್ಲದೆ, ಚೂರೂ ಸದ್ದಿಲ್ಲದೆ ನಡೆಯುವ ಈ ಎಳೆತವನ್ನು ನೆಚ್ಚಿಕೊಂಡು ಅಂಗೈ ಉದ್ದದ ತೆವಳುವ ರೋಬೋ ಒಂದನ್ನು ಮನೆಯ ಮೇಜಿನ ಮೇಲೆಯೇ ಕಟ್ಟಬಹುದು. ತಂತಿಯನ್ನು ಹೊರಗಿನಿಂದ ತರಿಸಬೇಕು. ಉಳಿದದ್ದು ಶಿವಮೊಗ್ಗ, ಭದ್ರಾವತಿಗಳ ಅಂಗಡಿ ಹಿತ್ತಲುಗಳಲ್ಲೇ ಇದೆ: ಬಿದಿರಿನ ಸೀಳು, ಮೋಟರ್ ರಿವೈಂಡಿಂಗ್ ಅಂಗಡಿಯ ವೈಂಡಿಂಗ್ ವೈರು, ಎಲೆಕ್ಟ್ರಿಕಲ್ ಅಂಗಡಿಯ ಲಗ್ಗು, ನಾಲ್ಕಾರು ಎಲೆಕ್ಟ್ರಾನಿಕ್ ಬಿಡಿಭಾಗ, ಗುಂಡುಸೂಜಿ.

ಕುಗ್ಗುವುದು ತಂತಿಯ ಸ್ವಂತ ಕೆಲಸ, ಹಿಗ್ಗುವುದು ಹಾಗಲ್ಲ. ತಣಿದ ತಂತಿ ಮೆತ್ತಗಾಗಿ ಸುಮ್ಮನಿರುತ್ತದೆ, ಯಾರಾದರೂ ಹಿಡಿದೆಳೆಯುವವರೆಗೆ ತನ್ನ ಹಳೆಯ ಉದ್ದಕ್ಕೆ ಹೋಗುವುದಿಲ್ಲ. ಆದ್ದರಿಂದ ಈ ರೋಬೋ ಕಟ್ಟುವವರ ಬುದ್ಧಿ ಖರ್ಚಾಗಬೇಕಾದದ್ದು ಎಳೆತಕ್ಕಲ್ಲ, ಮರಳುವಿಕೆಗೆ. ತಂತಿಯನ್ನು ಹಿಂದಕ್ಕೆ ಎಳೆಯುವುದು ಯಾವುದು, ಅದು ಎಷ್ಟು ಬೇಗ ತಣಿಯುತ್ತದೆ, ಹಾಗೆ ಮರಳುವಾಗ ರೋಬೋ ಇಟ್ಟ ಹೆಜ್ಜೆಯನ್ನು ಕಳೆದುಕೊಳ್ಳದಂತೆ ತಡೆಯುವುದು ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ರೋಬೋ ನಡೆಯುತ್ತದೆ.

ಈ ಲೋಹದ ಗುಣ ಮೊದಲು ಗೊತ್ತಾದದ್ದು ಕಿವಿಯಿಂದ. 1959ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಎಂಬ ಲೋಹತಜ್ಞ ಕ್ಷಿಪಣಿಯ ಮೂತಿಗೆ ತಕ್ಕ ಮಿಶ್ರಲೋಹ ಹುಡುಕುತ್ತಿದ್ದ. ಕರಗಿಸಿ ಎರೆದ ನಿಕ್ಕಲ್–ಟೈಟೇನಿಯಂ ಸರಳುಗಳನ್ನು ಕಾಂಕ್ರೀಟ್ ನೆಲಕ್ಕೆ ಬೀಳಿಸಿದಾಗ ತಣ್ಣಗಿದ್ದದ್ದು ಸೀಸದಂತೆ ಮಂಕಾಗಿ ಸದ್ದು ಮಾಡಿತು, ಇನ್ನೂ ಬೆಚ್ಚಗಿದ್ದದ್ದು ಗಂಟೆಯಂತೆ ನಾದಗೈದಿತು. ಬೆಚ್ಚಗಿದ್ದ ಸರಳನ್ನು ನೀರಲ್ಲಿ ತಣಿಸಿ ಮತ್ತೆ ಬೀಳಿಸಿದರೆ ಅದೂ ಮಂಕಾಯಿತು. ಒಳಗಿನ ರಚನೆಯಲ್ಲಿ ಏನೋ ಬದಲಾಗುತ್ತಿದೆ ಎಂಬುದಕ್ಕೆ ಅಷ್ಟು ಸಾಕಾಗಿತ್ತು. 1961ರಲ್ಲಿ ಒಂದು ಸಭೆಯಲ್ಲಿ ಇದೇ ಲೋಹದ, ನೆರಿಗೆ ನೆರಿಗೆಯಾಗಿ ಮಡಚಿದ ಪಟ್ಟಿಯೊಂದು ಕೈಯಿಂದ ಕೈಗೆ ಹೋಗುತ್ತಿದ್ದಾಗ ಡೇವಿಡ್ ಮಜ್ಜಿ ಎಂಬವರು ತಮ್ಮ ಪೈಪಿನ ಲೈಟರನ್ನು ಅದಕ್ಕೆ ಹಿಡಿದರು. ಪಟ್ಟಿ ಎಲ್ಲರ ಕಣ್ಣೆದುರೇ ನೆರಿಗೆ ಬಿಚ್ಚಿಕೊಂಡು ನೇರವಾಯಿತು. ಬಳಿಕ ಫ್ರೆಡರಿಕ್ ವಾಂಗ್ ಅದರ ಹರಳಿನ ರಚನೆಯನ್ನು ಬಿಡಿಸಿ ನೋಡಿದರು. ನಿಕ್ಕಲ್, ಟೈಟೇನಿಯಂಗಳ ಸಂಕೇತಗಳಿಗೆ ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಲೋಹವನ್ನು ನಿಟಿನಾಲ್ ಎಂದು ಕರೆದರು. ಅದಕ್ಕೂ ಮುಂಚೆ, 1932ರಲ್ಲೇ, ಸ್ವೀಡನ್ನಿನ ಆರ್ನೆ ಓಲಾಂಡರ್ ಚಿನ್ನ–ಕ್ಯಾಡ್ಮಿಯಂ ಮಿಶ್ರಲೋಹ ರಬ್ಬರಿನಂತೆ ವರ್ತಿಸುವುದನ್ನು ಗುರುತಿಸಿದ್ದರು.

ಒಳಗೆ ನಡೆಯುವುದನ್ನು ಅರಿಯಲು ಭದ್ರಾವತಿಯವರು ದೂರ ಹೋಗಬೇಕಾಗಿಲ್ಲ. 1918ರಲ್ಲಿ ಕೆಲಸ ಆರಂಭವಾಗಿ, 1923ರಲ್ಲಿ ಇದ್ದಿಲಿನ ಊದುಕುಲುಮೆಯಿಂದ ಬೀಡುಕಬ್ಬಿಣ ಹೊರತಂದ ಮೈಸೂರು ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುತ್ತ ಬೆಳೆಯಿತು. 1936ರ ಹೊತ್ತಿಗೆ ಉಕ್ಕಿಗೂ ಕೈಹಾಕಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು ವಿಐಎಸ್‌ಎಲ್ ಆಗಿ, ವಿಶೇಷ ಮಿಶ್ರ ಉಕ್ಕುಗಳಿಗೆ ಹೆಸರಾಯಿತು. ಅಂಥ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿ ಹದ ಕೊಡುವಾಗ ಹುಟ್ಟುವ ಗಡಸು ರಚನೆಯ ಹೆಸರು ಮಾರ್ಟೆನ್‌ಸೈಟ್. ಅದ್ದುವ ಮುಂಚೆ, ಕೆಂಪಗಿದ್ದಾಗ ಇರುವ ರಚನೆ ಆಸ್ಟೆನೈಟ್. ಸ್ನಾಯು ತಂತಿಯ ಒಳಗೂ ಇವೇ ಎರಡು ಹೆಸರು, ಇದೇ ಬಗೆಯ ಬದಲಾವಣೆ: ಬಿಸಿಯಲ್ಲಿ ಆಸ್ಟೆನೈಟ್, ತಣಿದಾಗ ಮಾರ್ಟೆನ್‌ಸೈಟ್. ಎರಡರಲ್ಲೂ ಪರಮಾಣುಗಳು ತಮ್ಮ ನೆರೆಹೊರೆ ಬಿಟ್ಟು ಅಲೆಯುವುದಿಲ್ಲ. ಸಾಲು ಸಾಲಾಗಿ ಒಟ್ಟಿಗೆ ವಾಲುತ್ತವೆ.

ವ್ಯತ್ಯಾಸ ಇರುವುದು ಮುಂದಿನ ನಡೆಯಲ್ಲಿ. ಉಕ್ಕಿನಲ್ಲಿ ಇಂಗಾಲದ ಪರಮಾಣುಗಳು ಹರಳಿನ ನಡುವೆ ಸಿಕ್ಕಿಹಾಕಿಕೊಂಡು ಅದನ್ನು ಬಿಗಿದುಬಿಡುತ್ತವೆ. ಮತ್ತೆ ಕಾಯಿಸಿದರೆ ಅದು ಬಂದ ದಾರಿಯಲ್ಲೇ ಹಿಂದಿರುಗುವುದಿಲ್ಲ, ಇಂಗಾಲ ಕಾರ್ಬೈಡುಗಳಾಗಿ ಬೇರ್ಪಟ್ಟು ರಚನೆಯೇ ಬೇರೆಯಾಗುತ್ತದೆ. ನಿಟಿನಾಲಿನಲ್ಲಿ ಹಾಗೆ ಬಿಗಿಯುವವರಿಲ್ಲ. ತಣಿದಾಗ ಅದರ ಪದರಗಳು ಒಂದು ಎಡಕ್ಕೆ, ಒಂದು ಬಲಕ್ಕೆ ವಾಲಿ ಹೊರ ಆಕಾರವನ್ನು ಕೆಡಿಸದೆ ಕೂರುತ್ತವೆ. ಎಳೆದರೆ ಎಲ್ಲ ಪದರಗಳೂ ಒಂದೇ ಕಡೆಗೆ ವಾಲಿ ತಂತಿ ಉದ್ದವಾಗುತ್ತದೆ. ಬಿಸಿ ಮಾಡಿದರೆ ವಾಲಿದ್ದೆಲ್ಲ ನೆಟ್ಟಗಾಗಿ ಮೊದಲಿನ ಉದ್ದ ಮರಳುತ್ತದೆ. ಉಕ್ಕಿನ ಮಾರ್ಟೆನ್‌ಸೈಟ್ ಗಡಸು, ನಿಟಿನಾಲಿನದು ಮೆದು. ಒಂದೇ ಕುಲದ ಬದಲಾವಣೆ ಒಂದು ಕಡೆ ಕತ್ತಿಯ ಅಲಗಾಗಿ, ಇನ್ನೊಂದು ಕಡೆ ಸ್ನಾಯುವಾಗಿ ಕೆಲಸಕ್ಕೆ ಬರುವುದು ಲೋಹವಿಜ್ಞಾನದ ಅತ್ಯಂತ ಚೆಲುವಾದ ಸಂಗತಿಗಳಲ್ಲೊಂದು.

ಪಾಕ ಮಾತ್ರ ಬಲು ಸೂಕ್ಷ್ಮ. ನಿಕ್ಕಲ್ಲಿನ ಪಾಲು ಶೇ 1ರಷ್ಟು ಹೆಚ್ಚಾದರೆ ತಂತಿ ಕುಗ್ಗುವ ಉಷ್ಣತೆ ಸುಮಾರು 100 ಡಿಗ್ರಿಯಷ್ಟು ಕೆಳಗಿಳಿಯುತ್ತದೆ. ಟೈಟೇನಿಯಂ ಬಿಸಿಯಲ್ಲಿ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಳ್ಳುವುದರಿಂದ ಕರಗಿಸುವುದೂ ನಿರ್ವಾತದಲ್ಲೇ ಆಗಬೇಕು. ಬೆಂಗಳೂರಿನ ಎನ್‌ಎಎಲ್‌ನಲ್ಲಿ ಈ ಮಿಶ್ರಲೋಹದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಅಂಗಡಿಯ ಕುಲುಮೆಯಲ್ಲಿ ಮಾಡುವ ಕೆಲಸ ಇದಲ್ಲ. ಕೊಳ್ಳುವಾಗ ಸ್ನಾಯು ತಂತಿಯೆಂದೇ ಕೇಳಿ ಕೊಳ್ಳಬೇಕು. ಫ್ಲೆಕ್ಸಿನಾಲ್ ಎಂಬ ಹೆಸರಿನದು ಹೆಚ್ಚು ಬಳಕೆಯಲ್ಲಿದೆ. ಹಲ್ಲಿನ ಸಾಲು ಸರಿಪಡಿಸಲು ದಂತವೈದ್ಯರು ಬಳಸುವ ತಂತಿಯೂ ನಿಟಿನಾಲೇ ಆದರೂ ಅದರಲ್ಲಿ ಬಹುಪಾಲು ಬಾಯಿಯ ಬಿಸಿಯಲ್ಲಿ ಸ್ಪ್ರಿಂಗಿನಂತೆ ಬಾಗಿ ಮರಳುವ ಜಾತಿಯದು, ಇಲ್ಲಿಗೆ ಬರುವುದಿಲ್ಲ. ಈ ರೋಬೋಕ್ಕೆ 0.15 ಮಿಲಿಮೀಟರ್ ವ್ಯಾಸದ ತಂತಿ ಸರಿಯಾದುದು. ಅದು ಕುಗ್ಗುವಾಗ ಸುಮಾರು 320 ಗ್ರಾಂ ತೂಕವನ್ನು ಎಳೆಯಬಲ್ಲದು. ತಣಿದ ಮೇಲೆ ಅದನ್ನು ಹಿಗ್ಗಿಸಲು ಸುಮಾರು 130 ಗ್ರಾಂ ಎಳೆತ ಬೇಕು. ಇಡೀ ರೋಬೋದ ಲೆಕ್ಕ ನಿಂತಿರುವುದು ಈ ಎರಡು ಅಂಕಿಗಳ ನಡುವಿನ ಜಾಗದಲ್ಲಿ.

ತೆವಳುವ ಬಗೆಯನ್ನು ಕಲಿಯಲು ಮಲೆನಾಡಿನಲ್ಲಿ ಗುರುವಿಗೆ ಕೊರತೆಯಿಲ್ಲ. ಮಳೆಗಾಲದಲ್ಲಿ ಆಗುಂಬೆ, ತೀರ್ಥಹಳ್ಳಿಯ ಕಾಡುದಾರಿಯಲ್ಲಿ ಒದ್ದೆ ತರಗೆಲೆಯ ಮೇಲೆ ಬರುವ ಉಂಬಳವನ್ನು ಬಗ್ಗಿ ನೋಡಿದರೆ ಎಲ್ಲವೂ ಅಲ್ಲೇ ಕಾಣುತ್ತದೆ. ಮುಂದೊಂದು, ಹಿಂದೊಂದು ಹೀರುಬಟ್ಟಲು. ಮುಂದಿನದನ್ನು ಊರಿ, ಹಿಂದಿನದನ್ನು ಬಿಡಿಸಿ, ಮೈ ಕುಗ್ಗಿಸಿ ಹಿಂದಿನದನ್ನು ಮುಂದಕ್ಕೆ ತರುತ್ತದೆ. ಆಗ ಬೆನ್ನು ಕಮಾನಾಗಿ ಮೇಲೇಳುತ್ತದೆ. ಆಮೇಲೆ ಹಿಂದಿನದನ್ನು ಊರಿ, ಮುಂದಿನದನ್ನು ಬಿಟ್ಟು, ಮೈ ಚಾಚುತ್ತದೆ. ಕುಗ್ಗಲು ಉದ್ದುದ್ದ ಸ್ನಾಯು, ಚಾಚಲು ಮೈ ಸುತ್ತಲಿನ ಬಳೆ ಸ್ನಾಯು ಎಂದು ಅದಕ್ಕೆ ಎರಡು ಬಗೆಯ ಸ್ನಾಯುಗಳಿವೆ. ರೋಬೋಕ್ಕೆ ಇರುವುದು ಒಂದೇ ಸ್ನಾಯು. ಎರಡನೆಯದರ ಕೆಲಸವನ್ನು ಬಿದಿರು ಮಾಡಬೇಕು. ಹೀರುಬಟ್ಟಲಿನ ಕೆಲಸವನ್ನು ಓರೆ ಉಗುರುಗಳು ಮಾಡಬೇಕು.

ಮೈಗೆ ಬಿದಿರನ್ನೇ ಆರಿಸಿಕೊಳ್ಳಲು ಕಾರಣವಿದೆ. ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, 100 ಡಿಗ್ರಿ ಬಿಸಿಯ ತಂತಿ ತಾಗಿದರೆ ಪ್ಲಾಸ್ಟಿಕ್ಕಿನಂತೆ ಮೆತ್ತಗಾಗುವುದಿಲ್ಲ, ಬಾಗಿಸಿ ಬಿಟ್ಟರೆ ಚಿಮ್ಮಿ ನೇರವಾಗುತ್ತದೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಇದೇ ಬಿದಿರಿನ ನಾರನ್ನು ನಂಬಿ ಆ ಊರಿಗೆ ಬಂತು. ನಾರು ಹೆಚ್ಚು ಒತ್ತಾಗಿರುವುದು ಬಿದಿರಿನ ಹೊರಮೈಯಲ್ಲಿ. ಬುಟ್ಟಿ, ಮೊರ ಹೆಣೆಯುವ ಮೇದಾರರು ಸೀಳುವುದನ್ನು ಕಂಡವರಿಗೆ ಎಷ್ಟು ತೆಳ್ಳಗಿನ ಸೀಳು ಕೈಯಲ್ಲೇ ಸಾಧ್ಯವೆಂಬುದು ಗೊತ್ತು. ಅಡಿಕೆ ಹಾಳೆಯೂ ಕೈಗೆ ಸುಲಭವಾಗಿ ಸಿಗುವ ವಸ್ತುವೇ, ಆದರೆ ಜುಲೈ ತಿಂಗಳ ಶೀತಕ್ಕೆ ತೇವ ಹೀರಿ ಸೊರಗುತ್ತದೆ.

ಬೇಕಾದದ್ದು 105 ಮಿಲಿಮೀಟರ್ ಉದ್ದ, 8 ಮಿಲಿಮೀಟರ್ ಅಗಲದ ಸೀಳು. ಅದರ ಎರಡು ತುದಿಗಳ ನಡುವೆ 100 ಮಿಲಿಮೀಟರ್ ಉದ್ದದ ತಂತಿ ಬಿಗಿದರೆ ಬಿದಿರು ಬಿಲ್ಲಾಗಿ, ತಂತಿ ಅದರ ಹೆದೆಯಾಗಿ ನಿಲ್ಲುತ್ತದೆ. ಹೆದೆ ಕುಗ್ಗಿದರೆ ಬಿಲ್ಲು ಇನ್ನಷ್ಟು ಬಾಗುತ್ತದೆ. ಹೆದೆ ತಣಿದು ಮೆತ್ತಗಾದರೆ ಬಿಲ್ಲು ಅದನ್ನು ಎಳೆದು ಹಿಗ್ಗಿಸುತ್ತದೆ. ಬಿಲ್ಲಿನ ಬಲ ಎಷ್ಟಿರಬೇಕು ಎಂಬುದೇ ಇಲ್ಲಿಯ ಮುಖ್ಯ ವಿಷಯ. ಉದ್ದನೆಯ ಕಂಬ ಯಾವ ಭಾರಕ್ಕೆ ಬಾಗುತ್ತದೆ ಎಂದು 18ನೇ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಕೊಟ್ಟ ಸೂತ್ರ ಈ ಪುಟ್ಟ ಸೀಳಿಗೂ ಸಲ್ಲುತ್ತದೆ. ಅದರಲ್ಲಿ ಅಗಲಕ್ಕಿಂತ ದಪ್ಪದ ಮಾತೇ ದೊಡ್ಡದು: ದಪ್ಪ ಎರಡರಷ್ಟಾದರೆ ಬಲ ಎಂಟರಷ್ಟಾಗುತ್ತದೆ. ಬಿದಿರಿನ ಸಾಮಾನ್ಯ ಬಿಗುಪನ್ನು ಇಟ್ಟು ಲೆಕ್ಕ ಹಾಕಿದರೆ 0.5 ಮಿಲಿಮೀಟರ್ ದಪ್ಪದ ಸೀಳಿನ ಬಲ ಸುಮಾರು 115 ಗ್ರಾಂ. ತಣಿದ ತಂತಿಯನ್ನು ಹಿಗ್ಗಿಸಲು ಅದು ಸಾಲದು. 0.7 ಆದರೆ ಸುಮಾರು 310 ಗ್ರಾಂ. ಬಿಸಿ ತಂತಿ ಅದನ್ನು ಬಾಗಿಸಲು ಏದುಸಿರು ಬಿಡುತ್ತದೆ. 0.6 ಇದ್ದರೆ ಸುಮಾರು 200 ಗ್ರಾಂ, ಎರಡೂ ಕಡೆಗೆ ಕೈಕಾಲಾಡಿಸಲು ಜಾಗ ಉಳಿಯುತ್ತದೆ. ರೋಬೋ ನಡೆಯುವುದಕ್ಕೂ ನಡೆಯದಿರುವುದಕ್ಕೂ ನಡುವೆ ಒಂದು ಕಾಗದದ ಹಾಳೆಯ ದಪ್ಪದಷ್ಟೇ ಅಂತರ.

ಈ 0.6ಕ್ಕೆ ಬರುವ ಹಾದಿ ನಿಧಾನದ್ದು. ಸೀಳನ್ನು ಮೊದಲು ಚೂರಿಯಿಂದ, ಕೊನೆಗೆ ಒಡೆದ ಗಾಜಿನ ಅಂಚಿನಿಂದ ಹೆರೆಯಬೇಕು. ಗಾಜಿನ ಅಂಚು ನಾರನ್ನು ಕೀಳದೆ ಹಿಟ್ಟಿನಂಥ ಪುಡಿಯನ್ನಷ್ಟೇ ತೆಗೆಯುತ್ತದೆ. ಹೆರೆಯುವುದು ಒಳಮೈಯನ್ನು, ಹೊರಮೈಯ ಹೊಳಪನ್ನು ಮುಟ್ಟಬಾರದು. ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದ ಸ್ಕ್ರೂ ಗೇಜ್ ಸಿಕ್ಕರೆ ದಪ್ಪ ಅಳೆಯಬಹುದು. ಅದಕ್ಕಿಂತ ನಂಬಿಕೆಯ ಉಪಾಯ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಸೀಳನ್ನು ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನ ತುದಿಯನ್ನು ಬೆರಳಿಂದ ಮೆಲ್ಲಗೆ ಅದುಮಿದರೆ ಅಂಕಿ ಏರುತ್ತ ಹೋಗಿ, ಸೀಳು ಬಾಗಿದ ಕ್ಷಣದಲ್ಲಿ ನಿಂತುಬಿಡುತ್ತದೆ. ಆಮೇಲೆ ಎಷ್ಟು ಬಾಗಿಸಿದರೂ ಹೆಚ್ಚು ಏರುವುದಿಲ್ಲ. ಆ ನಿಂತ ಅಂಕಿಯೇ ಬಿಲ್ಲಿನ ಬಲ. ಬಿದಿರು ಒಂದರಂತೆ ಇನ್ನೊಂದಿರುವುದಿಲ್ಲವಾದ್ದರಿಂದ ಸೂತ್ರಕ್ಕಿಂತ ಈ ಅಂಕಿಯನ್ನೇ ನಂಬಬೇಕು. 180ರಿಂದ 210ರ ನಡುವೆ ತೋರಿದ ಸೀಳು ಸರಿ.

ತಂತಿಯನ್ನು ಬಿಗಿಯುವುದು ಮುಂದಿನ ಕೆಲಸ. ನಿಟಿನಾಲಿಗೆ ಬೆಸುಗೆ ಹತ್ತುವುದಿಲ್ಲ. ಅದರ ಮೈಮೇಲಿನ ಟೈಟೇನಿಯಂ ಆಕ್ಸೈಡಿನ ಪೊರೆ ಸೀಸದ ಬೆಸುಗೆಯನ್ನು ಒಲ್ಲೆನ್ನುತ್ತದೆ, ಸೋಲ್ಡರಿಂಗ್ ಐರನ್ನಿನ ಬಿಸಿ ತಂತಿಗೆ ಕಲಿಸಿದ್ದನ್ನೂ ಕೆಡಿಸುತ್ತದೆ. ತುದಿಯನ್ನು ಎಮರಿ ಪೇಪರಿನಿಂದ ಉಜ್ಜಿ, ಒಂದು ಗಂಟು ಹಾಕಿ, ಗಂಟು ಸಮೇತ ಸಣ್ಣ ಲಗ್ಗಿನೊಳಗೆ ತೂರಿಸಿ, ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತುವುದೇ ದಾರಿ. ಅದೇ ಲಗ್ಗಿನೊಳಗೆ ವಿದ್ಯುತ್ ತರುವ ವೈಂಡಿಂಗ್ ವೈರಿನ ತುದಿಯನ್ನೂ, ಎನಾಮಲ್ ಕೆರೆದು, ಸೇರಿಸಿಬಿಡಬೇಕು. ಲಗ್ಗನ್ನು ಬಿದಿರಿನ ತುದಿಗೆ ನೂಲಿನಿಂದ ಸುತ್ತಿ ಕಟ್ಟಿದರೆ ಬೇಕಾದಾಗ ಬಿಚ್ಚಬಹುದು. ಈ ಎರಡು ಒತ್ತುಗಳಲ್ಲಿ ತಂತಿ ಅರ್ಧ ಮಿಲಿಮೀಟರ್ ಜಾರಿದರೂ 4 ಮಿಲಿಮೀಟರಿನ ಚಲನೆಯಲ್ಲಿ ಎಂಟನೇ ಒಂದು ಪಾಲು ಹೋದಂತೆ. ಸರಿಯಾಗಿ ಬಿಗಿದಾಗ ಕಮಾನು ನೆಲದಿಂದ ಸುಮಾರು 15 ಮಿಲಿಮೀಟರ್ ಎತ್ತರವಿರುತ್ತದೆ. ತಂತಿ ಕುಗ್ಗಿದಾಗ ಅದು ಸುಮಾರು 20ಕ್ಕೆ ಏರುತ್ತದೆ. ತುದಿಗಳು ಹತ್ತಿರ ಬಂದದ್ದು ಕಣ್ಣಿಗೆ ಅಷ್ಟಾಗಿ ಬೀಳದಿದ್ದರೂ ಬೆನ್ನು ಏಳುವುದು ಚೆನ್ನಾಗಿ ಕಾಣುತ್ತದೆ.

ವಿದ್ಯುತ್ತಿನ ಲೆಕ್ಕ ಹೆಚ್ಚಿನದಿಲ್ಲ. 0.15 ಮಿಲಿಮೀಟರ್ ತಂತಿಯ ರೋಧ ಮೀಟರಿಗೆ ಸುಮಾರು 55 ಓಮ್; 100 ಮಿಲಿಮೀಟರಿಗೆ ಐದೂವರೆ ಓಮ್. ಒಂದು ಸೆಕೆಂಡಿನಲ್ಲಿ ಕುಗ್ಗಲು ಬೇಕಾದದ್ದು ಸುಮಾರು 0.4 ಆಂಪಿಯರ್. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಲ್ಲಿರುವ ಬಗೆಯ ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್ ಕೊಡುತ್ತದೆ. ತಂತಿಗೆ ಸಾಲಾಗಿ 4.7 ಓಮಿನ, 1 ವ್ಯಾಟಿನ ರೆಸಿಸ್ಟರ್ ಸೇರಿಸಿದರೆ ಪ್ರವಾಹ 0.41ರಲ್ಲಿ ನಿಲ್ಲುತ್ತದೆ, ಸೆಲ್ 3.7ಕ್ಕೆ ಇಳಿದಾಗಲೂ 0.36 ಇರುತ್ತದೆ. ಈ ರೆಸಿಸ್ಟರನ್ನು ಉಳಿತಾಯವೆಂದು ಬಿಡಬಾರದು. ಅದಿಲ್ಲದಿದ್ದರೆ 0.76 ಆಂಪಿಯರ್ ಹರಿದು ತಂತಿ ಹದ ಕಳೆದುಕೊಳ್ಳುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿ ಇಷ್ಟು ಪ್ರವಾಹವನ್ನು ಹೆಚ್ಚು ಹೊತ್ತು ಕೊಡಲಾರದು.

ಹಚ್ಚಿ ಆರಿಸುವ ಕೆಲಸಕ್ಕೆ 555 ಟೈಮರ್ ಐಸಿ ಸಾಕು. ಸಾಮಾನ್ಯ ಎನ್‌ಇ555ಗೆ ಕನಿಷ್ಠ 4.5 ವೋಲ್ಟ್ ಬೇಕಾದ್ದರಿಂದ ಕಡಿಮೆ ವೋಲ್ಟಿನಲ್ಲೂ ನಡೆಯುವ ಸಿಮಾಸ್ ಜಾತಿಯ 7555 ತರಬೇಕು. ಪಠ್ಯಪುಸ್ತಕದ ಸರ್ಕ್ಯೂಟಿನಲ್ಲಿ 555 ಹೊತ್ತಿರುವ ಸಮಯ ಯಾವಾಗಲೂ ಆರಿರುವ ಸಮಯಕ್ಕಿಂತ ಹೆಚ್ಚು. ಇಲ್ಲಿ ಬೇಕಾದದ್ದು ಅದರ ತದ್ವಿರುದ್ಧ. ಎರಡನೇ ರೆಸಿಸ್ಟರಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿದರೆ ಎರಡೂ ಸಮಯಗಳು ಬೇರೆ ಬೇರೆ ಕೈಗೆ ಸಿಗುತ್ತವೆ. 100 ಮೈಕ್ರೊಫ್ಯಾರಡ್ ಕೆಪಾಸಿಟರ್, 15 ಕಿಲೋ ಓಮ್ ಮತ್ತು 47 ಕಿಲೋ ಓಮ್ ಸೇರಿದರೆ ಸುಮಾರು 1 ಸೆಕೆಂಡ್ ಬಿಸಿ, 3 ಸೆಕೆಂಡಿಗೆ ತುಸು ಹೆಚ್ಚು ಬಿಡುವು. ಐಸಿಯ ಕಾಲು ನೇರವಾಗಿ 0.4 ಆಂಪಿಯರ್ ಕೊಡಲಾರದು, ನಡುವೆ ಒಂದು ಮಾಸ್‌ಫೆಟ್ ಬೇಕು. ಅಂಗಡಿಯಲ್ಲಿ ಥಟ್ಟನೆ ಕೊಡುವ ಐಆರ್‌ಎಫ್540 ಪೂರ್ತಿ ತೆರೆಯಲು 10 ವೋಲ್ಟ್ ಬೇಡುತ್ತದೆ. 3 ವೋಲ್ಟಿಗೇ ತೆರೆಯುವಂಥದನ್ನು ಕೇಳಿ ತರಬೇಕು. ಆರ್ಡುಯಿನೊ ಬಲ್ಲವರು ಟೈಮರನ್ನು ಬಿಟ್ಟು ಅದನ್ನೇ ಬಳಸಬಹುದು. ಆಗ ಹೊತ್ತಿರುವ, ಆರಿರುವ ಹೊತ್ತುಗಳನ್ನು ಬದಲಿಸುವುದು ಸುಲಭ. ಮಾಸ್‌ಫೆಟ್ ಮಾತ್ರ ಆಗಲೂ ಬೇಕು.

ಬಿಡುವಿನ ಸಮಯವೇ ಈ ರೋಬೋದ ವೇಗ. ಬಿಸಿಯನ್ನು ಪ್ರವಾಹ ಹೆಚ್ಚಿಸಿ ಬೇಗ ತರಬಹುದು. ತಂಪನ್ನು ಹಾಗೆ ತರಲಾಗುವುದಿಲ್ಲ, ಅದನ್ನು ಸುತ್ತಲಿನ ಗಾಳಿ ಕೊಟ್ಟಷ್ಟೇ ಪಡೆಯಬೇಕು. ಇಲ್ಲಿ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಸ್ನಾಯು ತಂತಿ ಎರಡು ಬಗೆಯಲ್ಲಿ ಸಿಗುತ್ತದೆ: 70 ಡಿಗ್ರಿಯದು, 90 ಡಿಗ್ರಿಯದು. 70ರದು ಸುಮಾರು 78 ಡಿಗ್ರಿಯಲ್ಲಿ ಪೂರ್ತಿ ಕುಗ್ಗಿ, ಸುಮಾರು 42ಕ್ಕೆ ಇಳಿದಾಗ ಪೂರ್ತಿ ಮೆತ್ತಗಾಗುತ್ತದೆ. ಶಿವಮೊಗ್ಗದ ಮಳೆಗಾಲದ 22 ಡಿಗ್ರಿಯ ಬೆಳಗಿನಲ್ಲಿ 42ಕ್ಕೆ ಇಳಿಯುವುದು ಸಲೀಸು. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿಯ ಕೋಣೆಯಲ್ಲಿ ಗಾಳಿಗೂ 42ಕ್ಕೂ ನಡುವೆ ಉಳಿಯುವುದು 6 ಡಿಗ್ರಿ ಮಾತ್ರ. ನ್ಯೂಟನ್ನನ ತಣಿಯುವ ನಿಯಮದಂತೆ ಅದೇ ತಂತಿಗೆ ಆಗ ಸುಮಾರು ಎರಡು ಪಟ್ಟು ಹೊತ್ತು ಬೇಕು. ತಗಡಿನ ಮಾಡಿನ ಕೆಳಗಾದರೆ ಅದು ಮೆತ್ತಗಾಗದೆಯೇ ಉಳಿಯಬಹುದು. 90ರದು 62ರಲ್ಲೇ ಬಿಡುಗಡೆಯಾಗುವುದರಿಂದ ಬೇಸಿಗೆಯಲ್ಲೂ ಸೋಲುವುದಿಲ್ಲ. ಈ ಸೀಮೆಯಲ್ಲಿ ಕಟ್ಟುವವರು 90ರದನ್ನೇ ಕೊಳ್ಳುವುದು ಲೇಸು. ಫ್ಯಾನ್ ಹಾಕಿದರೆ ಬೇಗ ತಣಿಯುತ್ತದೆ ನಿಜ, ಆದರೆ ಅದೇ ಗಾಳಿ ಬಿಸಿಯಾಗುವ ಹೊತ್ತಿನಲ್ಲೂ ಬಿಸಿಯನ್ನು ಕದಿಯುವುದರಿಂದ ತಂತಿ ಅರ್ಧಕ್ಕೇ ನಿಲ್ಲುತ್ತದೆ.

ಇಷ್ಟಾದ ಮೇಲೂ ಕಾಲಿಲ್ಲದ ಬಿಲ್ಲು ಇದ್ದಲ್ಲೇ ಉಸಿರಾಡುತ್ತದೆ. ಎರಡು ತುದಿಗಳೂ ಸಮನಾಗಿ ಒಳಗೆ ಜಾರಿ, ಸಮನಾಗಿ ಹೊರಗೆ ಜಾರುತ್ತವೆ. ನಡಿಗೆ ಹುಟ್ಟುವುದು ಒಂದು ದಿಕ್ಕಿಗೆ ಜಾರಿ ಇನ್ನೊಂದು ದಿಕ್ಕಿಗೆ ಕಚ್ಚುವ ಕಾಲಿನಿಂದ. ಗುಂಡುಸೂಜಿಯ ಮೊನೆಯನ್ನು 5 ಮಿಲಿಮೀಟರಿನಷ್ಟು ಕತ್ತರಿಸಿ, ಪ್ರತಿ ತುದಿಗೆ ಎರಡರಂತೆ, ಮೊನೆ ಹಿಂದಕ್ಕೆ ಓರೆಯಾಗಿ ನೆಲ ನೋಡುವಂತೆ ಅಂಟಿಸಬೇಕು. ಮುಂದಿನ ಕಾಲಿನದೂ ಹಿಂದಿನ ಕಾಲಿನದೂ ಒಂದೇ ದಿಕ್ಕು. ತಂತಿ ಕುಗ್ಗಿದಾಗ ಮುಂದಿನ ಕಾಲು ಹಿಂದಕ್ಕೆ ಸರಿಯಲು ಹೋಗಿ ಕಚ್ಚಿಕೊಳ್ಳುತ್ತದೆ, ಹಿಂದಿನದು ಮುಂದಕ್ಕೆ ಜಾರುತ್ತದೆ. ಬಿದಿರು ಚಾಚಿದಾಗ ಹಿಂದಿನದು ಕಚ್ಚಿ, ಮುಂದಿನದು ಜಾರುತ್ತದೆ. ಹಳೆಯ ಮನೆಗಳ ನುಣುಪಾದ ರೆಡ್ ಆಕ್ಸೈಡ್ ನೆಲದ ಮೇಲೆ ಸೂಜಿಗೆ ಹಿಡಿತವೇ ಇಲ್ಲ. ಜಮಖಾನ ಹಾಸಿದರೆ ನಡೆಯುತ್ತದೆ. ಬಟ್ಟೆಯ ಮೇಲೆ ಸೂಜಿ ಕಚ್ಚುವುದು ಎಳೆಯಿಂದ ಎಳೆಗೆ. ನಡುವೆ ಎಲ್ಲೂ ಅಲ್ಲ. ಎಳೆಗಳ ಅಂತರ 1 ಮಿಲಿಮೀಟರ್ ಇದ್ದರೆ 4 ಮಿಲಿಮೀಟರಿನ ಹೆಜ್ಜೆಯಲ್ಲಿ ಒಂದಿಷ್ಟು ಹಿಂಜಾರಿಕೆಗೆ ಹೋಗಿ ಉಳಿದದ್ದು ದಕ್ಕುತ್ತದೆ. ಅಂತರ 4ಕ್ಕಿಂತ ಹೆಚ್ಚಿರುವ ದಪ್ಪ ಹೆಣಿಗೆಯ ಮೇಲೆ ರೋಬೋ ಒಂದೇ ಎಳೆಗೆ ತಗುಲಿಕೊಂಡು ಹಿಂದುಮುಂದಾಗುತ್ತಿರುತ್ತದೆ. ಸರಿಯಾದ ಬಟ್ಟೆಯ ಮೇಲೆ ಒಂದು ಹೆಜ್ಜೆಗೆ ನಾಲ್ಕು ಸೆಕೆಂಡು ಹಿಡಿದರೆ ನಿಮಿಷಕ್ಕೆ ಹೆಚ್ಚೆಂದರೆ 6 ಸೆಂಟಿಮೀಟರ್.

ಸೆಲ್ಲನ್ನು ರೋಬೋದ ಬೆನ್ನಿಗೆ ಕಟ್ಟುವ ಆಸೆ ಸಹಜ. ಅದರ ತೂಕ 45 ಗ್ರಾಂ ಮೇಲೆ; ಬಿದಿರಿನ 200 ಗ್ರಾಂ ಬಲದಲ್ಲಿ 130 ತಂತಿಯನ್ನು ಹಿಗ್ಗಿಸಲು ಹೋದ ಮೇಲೆ ಉಳಿದದ್ದರಲ್ಲೇ ಜಾರುವ ಕಾಲಿನ ಘರ್ಷಣೆಯನ್ನೂ ಗೆಲ್ಲಬೇಕು. ಕಮಾನಿನ ನೆತ್ತಿಯ ಮೇಲೆ ಭಾರ ಕೂತರೆ ಬಿಲ್ಲಿನ ಆಕಾರವೂ ಕೆಡುತ್ತದೆ. ಸೆಲ್, ಟೈಮರ್ ಎಲ್ಲ ಮೇಜಿನ ಮೇಲಿರಲಿ, ಎರಡು ಎಳೆ ತೆಳು ವೈಂಡಿಂಗ್ ವೈರು ಸಡಿಲವಾಗಿ ರೋಬೋದ ಹಿಂದೆ ಬರಲಿ. ಶಕ್ತಿಯ ಲೆಕ್ಕದಲ್ಲಿ ಈ ಸ್ನಾಯು ದುಂದುಗಾರ. ಪ್ರತಿ ಹೆಜ್ಜೆಗೆ ತಂತಿಯಲ್ಲಿ ಸುಡುವುದು ಸುಮಾರು 0.9 ಜೂಲ್; ಬಿಲ್ಲನ್ನು ಬಾಗಿಸುವ ಕೆಲಸವಾಗಿ ಸಿಗುವುದು ಅದರ ನೂರನೇ ಒಂದು ಪಾಲಿಗೂ ಕಡಿಮೆ. 2000 ಮಿಲಿಆಂಪಿಯರ್-ಗಂಟೆಯ ಸೆಲ್ ಒಂದರಲ್ಲಿ ಸುಮಾರು 20,000 ಹೆಜ್ಜೆ, ಒಂದಿಷ್ಟೂ ಹಿಂಜಾರದಿದ್ದರೆ 80 ಮೀಟರ್. ಮೋಟರಿನ ಮುಂದೆ ಇದು ಏನೂ ಅಲ್ಲ. ಆದರೆ 10 ಸೆಂಟಿಮೀಟರ್ ತಂತಿಯ ತೂಕ ಒಂದು ಗ್ರಾಮಿನ ನೂರನೇ ಒಂದು ಪಾಲಿಗೆ ಸ್ವಲ್ಪ ಹೆಚ್ಚು, ಅಷ್ಟೇ. ಅಷ್ಟು ಹಗುರದಲ್ಲಿ 320 ಗ್ರಾಂ ಎಳೆಯುವ ಮೋಟರು ಎಲ್ಲೂ ಇಲ್ಲ.

ಈ ಹಗುರವನ್ನು ನೆಚ್ಚಿಯೇ ಜಗತ್ತಿನಲ್ಲಿ ಎಷ್ಟೋ ಕೆಲಸ ನಡೆದಿದೆ. 1990ರ ದಶಕದ ಆರಂಭದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಜೊನಾಥನ್ ಮಿಲ್ಸ್ ರೂಪಿಸಿದ ಆರು ಕಾಲಿನ ಸ್ಟಿಕಿಟೊ ವಿದ್ಯಾರ್ಥಿಗಳು ಅಗ್ಗವಾಗಿ ಕಟ್ಟಬಹುದಾದ ನಿಟಿನಾಲ್ ರೋಬೋ. 1997ರಲ್ಲಿ ಮಂಗಳಕ್ಕೆ ಇಳಿದ ಸೋಜರ್ನರ್ ಗಾಡಿಯಲ್ಲಿ ಸೌರಕೋಶದ ಮೇಲಿನ ಗಾಜಿನ ಮುಚ್ಚಳವನ್ನು ಸರಿಸಿ ಧೂಳು ಅಳೆಯುತ್ತಿದ್ದುದು ಇಂಥದೇ ತಂತಿ. 2012ರಲ್ಲಿ ಎಂಐಟಿ, ಹಾರ್ವರ್ಡ್, ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯಗಳು ಸೇರಿ ಮಾಡಿದ ಮೆಶ್‌ವರ್ಮ್ ಸುತ್ತಿಗೆಯ ಪೆಟ್ಟು ತಿಂದೂ ತೆವಳಿತು. ಅದರಲ್ಲಿ ಎರೆಹುಳುವಿನ ಬಳೆ ಸ್ನಾಯುವಿನಂತೆ ನಿಟಿನಾಲಿನ ಸುರುಳಿಗಳಿದ್ದವು. 2020ರಲ್ಲಿ ಅಮೆರಿಕದಲ್ಲಿ ಮಾಡಿದ ರೋಬೀಟಲ್ 88 ಮಿಲಿಗ್ರಾಂ ತೂಗುವ ಜೀರುಂಡೆ. ಅದರ ತಂತಿಯನ್ನು ಬಿಸಿ ಮಾಡುವುದು ವಿದ್ಯುತ್ತಲ್ಲ, ಪ್ಲಾಟಿನಂ ಲೇಪದ ಮೇಲೆ ಜ್ವಾಲೆಯಿಲ್ಲದೆ ಉರಿಯುವ ಮೆಥನಾಲ್.

ಬಿದಿರಿನ ರೋಬೋ ನೇರವಾಗಿ ಹೋಗುವುದನ್ನು ಕಲಿತ ಮೇಲೆ ತಿರುಗುವುದನ್ನೂ ಕಲಿಸಬಹುದು. ಸೀಳನ್ನು ಎರಡರಷ್ಟು ಅಗಲ ಮಾಡಿ, ಎಡ ಬಲ ಅಂಚುಗಳಲ್ಲಿ ಒಂದೊಂದು ತಂತಿ ಬಿಗಿದರೆ ಸಾಕು. ಅಗಲ ಎರಡರಷ್ಟಾದರೆ ಬಲವೂ ಎರಡರಷ್ಟೇ ಆಗುವುದರಿಂದ ತಂತಿಯೊಂದಕ್ಕೆ ಬೀಳುವ ಹೊರೆ ಮೊದಲಿನಷ್ಟೇ ಇರುತ್ತದೆ. ಎಡದ ತಂತಿಯನ್ನು ಮಾತ್ರ ಹಚ್ಚಿದರೆ ಎಡಮಗ್ಗುಲು ಹೆಚ್ಚು ಕುಗ್ಗಿ ರೋಬೋ ತುಸು ಓರೆಯಾಗುತ್ತದೆ. ಆದರೆ ಆಗ ಒಂದು ತಂತಿ ಇಡೀ ಸೀಳಿನೊಡನೆ ಸೆಣಸಬೇಕಾಗುತ್ತದೆ. ಸೀಳನ್ನು ನಡುವೆ ಉದ್ದಕ್ಕೆ ಸೀಳಿ ತುದಿಗಳಲ್ಲಷ್ಟೇ ಕೂಡಿರುವಂತೆ ಬಿಟ್ಟರೆ ಆ ಸೆಣಸಾಟ ಬಹುಮಟ್ಟಿಗೆ ತಪ್ಪುತ್ತದೆ.

ತಂತಿಯ ಆಯುಸ್ಸು ಬಳಸುವವರ ಕೈಯಲ್ಲಿದೆ. ಶೇ 4ರೊಳಗೆ ಹಿಗ್ಗಿ ಕುಗ್ಗಿ, ಕುಗ್ಗಿದೊಡನೆ ಪ್ರವಾಹ ನಿಲ್ಲುತ್ತಿದ್ದರೆ ಅದು ಲಕ್ಷಗಟ್ಟಲೆ ಸಲ ದುಡಿಯುತ್ತದೆ. ಪೂರ್ತಿ ಕುಗ್ಗಿದ ಮೇಲೂ ಕಾಯಿಸುತ್ತ ಹೋದರೆ, ಅಥವಾ ತೀರ ಬಿಗಿಯಾದ ಬಿಲ್ಲಿಗೆ ಕಟ್ಟಿದರೆ, ಕಲಿತದ್ದನ್ನು ಸ್ವಲ್ಪ ಸ್ವಲ್ಪವಾಗಿ ಮರೆಯುತ್ತದೆ. ಬೆನ್ನು ಮೊದಲಿನಂತೆ 20 ಮಿಲಿಮೀಟರಿಗೆ ಏಳದೆ 18, 17 ಎಂದು ತಗ್ಗುತ್ತ ಬಂದರೆ ಮೊದಲು ಲಗ್ಗಿನ ಒತ್ತುಗಳು ಜಾರಿವೆಯೇ ನೋಡಬೇಕು, ಆಮೇಲೆ ಬಿದಿರನ್ನು ಬಿಚ್ಚಿ ಮತ್ತೆ ತಕ್ಕಡಿಯ ಮೇಲೆ ನಿಲ್ಲಿಸಬೇಕು. ತೇವ ಹೀರಿದ್ದರೆ ಅಂಕಿ ಇಳಿದಿರುತ್ತದೆ. ಒಂದು ದಿನ ಬಿಸಿಲಿಗಿಟ್ಟರೆ ಸರಿಹೋಗುತ್ತದೆ. ಎರಡೂ ಸರಿಯಿದ್ದರೆ ತಂತಿಯನ್ನೇ ಬದಲಿಸಬೇಕು. ಬದಲಿಸುವಾಗ ತಂತಿಯನ್ನು ಬರಿಗೈಯಲ್ಲಿ ಎಳೆಯದಿರುವುದು ಒಳ್ಳೆಯದು. ಅಷ್ಟು ಸಣ್ಣ ಎಳೆ ಚರ್ಮವನ್ನು ಸುಲಭವಾಗಿ ಸೀಳುತ್ತದೆ, ಬಿಸಿಯಿದ್ದರೆ ಸುಡುತ್ತದೆ ಕೂಡ.